ತುಪ್ಪ ಸವರಿದ ಕೌದಿ

ಸೋಫಾದ ಕೆಳಗಿನ ಮರಳನ್ನು ಅರ್ಧ ಗುಡಿಸಿದ್ದೆ. ಹಿಂದಿನ ದಿನ ಎದ್ದ ಗಾಳಿಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಅಷ್ಟೂ ಗೋದಾಮುಗಳ ಧೂಳು ಬಾಲ್ಕನಿ ದಾಟಿ ನಮ್ಮ ಪಡಸಾಲೆಯಲ್ಲಿ ಬಂದು ಕೂತಿತ್ತು. ಮೊಮ್ಮಗಳು ಮಾಧುರಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಅಜ್ಜಿ, ನಿನ್ನ ಆಂಗಲ್ ರಾಂಗ್. ಮೈಭಾರ ಎಲ್ಲಾ ಬ್ರೂಮ್ ಮೇಲೆ ಬೀಳ್ಬೇಕು. ಪ್ರೆಶರ್, ಪ್ರೆಶರ್!"

"ಅರವತ್ತು ವರ್ಷದಿಂದ ಗುಡಿಸಾಕತ್ತೀನಿ ನನ್ನವ್ವಾ. ಇವತ್ತಿನ ತನಕ ಕಸ ದೂರು ಕೊಟ್ಟಿಲ್ಲ," ಎಂದೆ.

ಈ ಹುಡುಗಿಗೆ ಹದಿನೈದು ವರ್ಷ. ಹುಟ್ಟಿದಂದಿನಿಂದ ಮನೆಯಲ್ಲಿ ಒಂದು ದಿನ ಕಸಬರಿಗೆ ಮುಟ್ಟಿದ್ದನ್ನು ನಾನು ಕಂಡಿಲ್ಲ. ಅಂಥವಳು ಗುಡಿಸುವುದಕ್ಕೆಂದೇ ಭಾರತದ ತಂಡಕ್ಕೆ ಆಯ್ಕೆಯಾಗಿದ್ದಳು.

ಆ ಆಟಕ್ಕೆ ಕರ್ಲಿಂಗ್ ಎನ್ನುತ್ತಾರೆ. ಹತ್ತೊಂಬತ್ತು ಕಿಲೋದ ಒಂದು ಗುಂಡುಕಲ್ಲು, ಅದಕ್ಕೆ ಚಹಾ ಕೆಟಲಿನಂಥ ಹಿಡಿಕೆ. ಒಬ್ಬರು ಅದನ್ನು ಐಸ್ ಮೇಲೆ ಜಾರಿಬಿಡಬೇಕು. ಇಬ್ಬರು ಅದರ ಮುಂದೆ ಮುಂದೆ ಗುಡಿಸುತ್ತ ಓಡಬೇಕು. ಗುಡಿಸಿದಷ್ಟೂ ಕಲ್ಲು ದೂರ ಹೋಗುತ್ತದೆ. ಆಚೆ ತುದಿಯಲ್ಲಿ ಬಣ್ಣದ ವೃತ್ತ ಬರೆದಿರುತ್ತಾರೆ, ಅದಕ್ಕೆ ಮನೆ ಎಂದು ಹೆಸರು. ಮನೆಯ ನಡುಮಧ್ಯಕ್ಕೆ ಯಾರ ಕಲ್ಲು ಹತ್ತಿರ ನಿಲ್ಲುತ್ತದೋ ಅವರಿಗೆ ಅಂಕ. ನಾಲ್ಕನೆಯವರು ಮನೆಯಲ್ಲಿ ನಿಂತುಕೊಂಡು, ಗುಡಿಸುವವರ ಮೇಲೆ ಒದರುತ್ತಿರಬೇಕು.

"ನಮ್ಮ ಅತ್ತಿ ಈ ಆಟ ಮೂವತ್ತು ವರ್ಷ ಆಡಿದಳು ಬಿಡು," ಎಂದಿದ್ದೆ, ಮೊದಲ ಸಲ ಕೇಳಿದಾಗ.

ಇವರಿಗೆ ಆಟ ಕಲಿಸಿದವನು ತಮೀಮ್. ಉಪ್ಪಿನಂಗಡಿ ಕಡೆಯವನು, ನಲವತ್ತು ದಾಟಿದ ಮನುಷ್ಯ, ಬನಿಯಾಸ್‌ನಲ್ಲಿ ಮನೆ. ಅಬುಧಾಬಿಯ ಒಂದು ಐಸ್ ರಿಂಕಿನಲ್ಲಿ ಐಸನ್ನು ಸಮ ಮಾಡುವ ಗಾಡಿ ಓಡಿಸುತ್ತಾನೆ. ಅಲ್ಲಿ ಆಡಲು ಬರುತ್ತಿದ್ದ ಕೆನಡಾದವರನ್ನು ನೋಡಿ ನೋಡಿ ಕಲಿತು, ಭಾರತದ ಪಾಸ್‌ಪೋರ್ಟ್ ಇದ್ದ ನಾಲ್ಕು ಮಕ್ಕಳನ್ನು ಕೂಡಿಹಾಕಿದ. ನಮ್ಮ ಮಾಧುರಿ, ಶಾಹಿನ, ಚಿರಂತನ್, ಪ್ರೀತಮ. ದೇಶದ ಆಯ್ಕೆಗೆ ಬಂದ ಮಕ್ಕಳ ತಂಡಗಳು ಒಟ್ಟು ಎರಡು. ಅದರಲ್ಲಿ ಇನ್ನೊಂದು ತಂಡಕ್ಕೆ ಒಟ್ಟಿಗೇ ಮಂಗನಬಾವು ಬಂತು. ಹೀಗೆ ನಮ್ಮವರು ರಾಷ್ಟ್ರೀಯ ತಂಡವಾದರು.

ಪಂದ್ಯ ಇದ್ದದ್ದು ಆಸ್ಟ್ರಿಯಾದ ಒಂದು ಗುಡ್ಡದ ಊರಿನಲ್ಲಿ. ಹೊರಡಲು ಐದು ದಿನ ಇರುವಾಗ ತಮೀಮ್ ಮನೆಗೆ ಬಂದ.

"ಅಜ್ಜಿ, ಅಲ್ಲಿ ಎಂಥ ಚಳಿ ಗೊತ್ತುಂಟಾ? ಬೆಂಚಿನಲ್ಲಿ ಕೂತ್ರೆ ಮಕ್ಕಳ ಕುಂಡೆ ಐಸ್ ಆಗ್ತದೆ. ಹಾಸ್ಲಿಕ್ಕೆ ದಪ್ಪದ್ದು ಎಂತಾದ್ರೂ ಉಂಟಾ ನಿಮ್ಮ ಹತ್ರ?"

"ಕೌದಿ ಐತಲ್ಲ," ಎಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಆ ಕೌದಿಯೊಳಗೆ ಏನಿದೆ ಎಂಬುದು ಈ ಭೂಮಿಯ ಮೇಲೆ ನನ್ನೊಬ್ಬಳಿಗೇ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಗುಳೇದಗುಡ್ಡದಲ್ಲಿ ನಮ್ಮವ್ವ ತೀರಿಕೊಂಡಳು. ಅವಳದೊಂದು ಇಳಕಲ್ ಸೀರೆ ಇತ್ತು, ಮದುವೆಯದು. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳು. ಹಿರಿಯಳಾದ ನನಗೇ ಸೇರಬೇಕು ಎಂದು ಅಕ್ಕ ಸಾವಂತ್ರವ್ವ. ಕೊನೆತನಕ ನೋಡಿಕೊಂಡ ನನಗೆ ಸೇರಬೇಕು ಎಂದು ನಾನು. ಬಾಯಲ್ಲಿ ಅಕ್ಕನನ್ನು ಗೆದ್ದವರಿಲ್ಲ. ನಾನು ಬಾಯಿ ಮುಚ್ಚಿಕೊಂಡು, ಹೊಲಿಯುತ್ತಿದ್ದ ಕೌದಿಯ ಎರಡು ಪದರದ ನಡುವೆ ಸೀರೆಯನ್ನು ಹಾಸಿ ಟಾಕು ಹಾಕಿಬಿಟ್ಟೆ. ಮರುದಿನ ಅಕ್ಕ ಟ್ರಂಕು ತೆಗೆಸಿದಳು, ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು, ನನ್ನ ಮಗ ಪ್ರಸಾದನನ್ನು ಅಟ್ಟ ಹತ್ತಿಸಿದಳು. ಪಾಪ, ಅವನಿಗೆ ಅಲ್ಲಿ ಚೇಳು ಕಡಿಯಿತು. ಕೊನೆಗೆ ದಣಿದು ಅದೇ ಕೌದಿಯ ಮೇಲೆ ಕೂತು ಎರಡು ಕಪ್ ಚಹಾ ಕುಡಿದಳು.

ಎದ್ದು ಹೋಗುವಾಗ ಓಣಿಯ ಮಂದಿಯೆಲ್ಲ ಕೇಳುವಂತೆ ಅಂದಳು: "ಸೀರಿ ತಗೊಂಡಿಲ್ಲಂದ್ರ ಬರದು ಕೊಡು ಗಂಗವ್ವಾ! ಓ, ನೀ ಹೆಬ್ಬೆಟ್ಟಿನಾಕಿ ಅಲ್ಲೇನು, ಮರತಿದ್ದೆ."

ಅಕ್ಕ ಐದನೆಯ ಇಯತ್ತೆ ಪಾಸು. ಓಣಿ ನಕ್ಕಿತು. ಅಂದಿನಿಂದ ನಮಗೆ ಮಾತಿಲ್ಲ.

ಬರೆದೇ ಕೊಡುತ್ತೇನೆ ಎಂದು ನಾನು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ರಾತ್ರಿ ಶಾಲೆ ಸೇರಿದೆ. ರಶೀದಾ ಟೀಚರ್ ಎರಡು ವರ್ಷ ಕೈ ಹಿಡಿದು ತಿದ್ದಿಸಿದರು. ಅಕ್ಷರ ಬಂತು. ಆದರೆ ತಗೊಂಡಿಲ್ಲ ಎಂದು ಬರೆಯಲು ಕೈ ಏಳಲಿಲ್ಲ, ತಗೊಂಡಿದ್ದೇನೆ ಎಂದು ಬರೆಯಲು ಮನಸ್ಸು ಏಳಲಿಲ್ಲ. 'ಸಾವಂತ್ರಕ್ಕಗ' ಎಂಬ ಒಂದೇ ಒಂದು ಪದದ ಕಾಗದ ಮಡಿಕೆಬಿದ್ದು, ಹೊಲಿಗೆಯ ಡಬ್ಬಿಯಲ್ಲಿ ದುಬೈಗೂ ಬಂತು.

ಕೌದಿಯೂ ಬಂತು, ಒಂದು ಮೂಲೆ ಬಾಯಿ ಬಿಟ್ಟುಕೊಂಡು. ನಮ್ಮ ಕಡೆ ಕೌದಿಯ ಕೊನೆಯ ಮೂಲೆಯನ್ನು ಸುಮ್ಮನೆ ಮುಚ್ಚುವುದಿಲ್ಲ. ಒಳಗೆ ಒಂದು ತುಣುಕು ರೊಟ್ಟಿ ಇಟ್ಟು, ಅದರ ಹೊಟ್ಟೆ ತುಂಬಿಸಿ, ಆಮೇಲೆ ಟಾಕು ಹಾಕಬೇಕು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ. ಕದ್ದ ಸೀರೆಗೆ ಊಟ ಬೇರೆ ಹಾಕುವುದೇ ಎಂದು ನಾನು ಹನ್ನೊಂದು ವರ್ಷ ಅದನ್ನು ಉಪವಾಸ ಇಟ್ಟಿದ್ದೆ.

ಈಗ ದೇಶದ ಮಕ್ಕಳು ಅದರ ಮೇಲೆ ಕೂರುವವರು. ಸೀರೆ ಹೇಗೂ ಒಳಗಿನ ಪದರ, ಯಾರಿಗೆ ಕಾಣುತ್ತದೆ ಎಂದು ಧೈರ್ಯ ಮಾಡಿದೆ. ಒಂದು ತುಣುಕು ಜೋಳದ ರೊಟ್ಟಿ ತೆಗೆದುಕೊಂಡೆ. ಪರದೇಶಕ್ಕೆ ಹೋಗುವ ಕೌದಿಗೆ ಒಣರೊಟ್ಟಿ ಹಾಕಿ ಕಳಿಸುವುದು ಸರಿಬರಲಿಲ್ಲ. ಎರಡೂ ಕಡೆ ಧಾರಾಳವಾಗಿ ತುಪ್ಪ ಸವರಿ ಒಳಗಿಟ್ಟು ಹೊಲಿದೆ.

ಅಲ್ಲಿ ವಿಮಾನ ಇಳಿದ ಮಧ್ಯಾಹ್ನ ತಮೀಮ್‌ನಿಂದ ವಿಡಿಯೋ ಕಾಲ್ ಬಂತು. ಪರದೆಯಲ್ಲಿ ಮೊದಲು ಕಂಡದ್ದು ಒಂದು ನಾಯಿ. ಕೌದಿಯ ಪಕ್ಕದಲ್ಲಿ, ಎಲೆ ಹಾಕುವುದನ್ನು ಕಾಯುವ ಬೀಗರ ಹಾಗೆ ಕೂತಿತ್ತು.

"ಅಜ್ಜಿ, ಸತ್ಯ ಹೇಳಿ. ಇದರೊಳಗೆ ಎಂತ ಹಾಕಿದ್ದೀರಿ? ಈ ನಾಯಿ ಏಳ್ತಾ ಇಲ್ಲ ಮಾರ್ರೆ!"

ಸೀರೆಯ ಮಾತು ಬಾಯಿಗೇ ಬಂದಿತ್ತು, ನುಂಗಿಕೊಂಡೆ. "ರೊಟ್ಟಿ," ಎಂದೆ. "ಸ್ವಲ್ಪ ತುಪ್ಪ."

"ತುಪ್ಪಾ? ಹಾಲಿಂದು ಎಂತದೂ ಇಲ್ಲಿಗೆ ತರ್ಲಿಕ್ಕೆ ಇಲ್ಲ ಅಜ್ಜಿ! ಯಾಕೆ ಹಾಕಿದ್ದು?"

"ಕೌದಿಗೆ ಹಸಿವು ಆಗಬಾರದಲ್ಲ."

ತಮೀಮ್ ಅದನ್ನು ಇಂಗ್ಲಿಷಿನಲ್ಲಿ ಕಸ್ಟಮ್ಸ್ ಅಧಿಕಾರಿಗೆ ಹೇಳಿದ. ಅಧಿಕಾರಿ ಉದ್ದನೆಯ ಮೀಸೆಯ ಗಂಭೀರ ಮನುಷ್ಯ. ಇನ್ನೊಮ್ಮೆ ಹೇಳು ಎಂದ. ಹೇಳಿದ. ಮೂರನೆಯ ಸಲ ಹೇಳಿಸಿಕೊಂಡು, ಫಾರಂನಲ್ಲಿ ಬರೆಯಲು ಹೋಗಿ ಪೆನ್ನು ಕೆಳಗಿಟ್ಟ. ಆಮೇಲೆ ಕತ್ತರಿ ತೆಗೆದ.

"ಏ ಏ ಏ, ಕತ್ತರಿ ಬ್ಯಾಡ ಅನ್ನು! ಮೂಲ್ಯಾಗ ಗಂಟು ಐತಿ ನೋಡು, ಹಳದಿ ದಾರ. ಅದನ್ನ ಬಿಚ್ಚಿ ಮೆಲ್ಲಕ ಎಳಿ ಅನ್ನು. ಮೆಲ್ಲಕ!"

ಮೆಲ್ಲಗೆ ಎನ್ನುವುದು ಅವನ ಭಾಷೆಗೆ ತಲುಪುವಷ್ಟರಲ್ಲಿ ಅವನು ಸರ್ರನೆ ಎಳೆದಿದ್ದ. ಒಂದಿಡೀ ಬದಿಯ ಹೊಲಿಗೆ ಬಿಚ್ಚಿಕೊಂಡಿತು. ರೊಟ್ಟಿ ಟಣ್ಣನೆ ಮೇಜಿನ ಮೇಲೆ ಬಿತ್ತು. ಅಧಿಕಾರಿ ಇಕ್ಕಳದಲ್ಲಿ ಎತ್ತಿ, ಚೀಲಕ್ಕೆ ಹಾಕಿ, ಚೀಟಿ ಅಂಟಿಸಿದ. ನಾಯಿ ಎದ್ದು ಅವನ ಹಿಂದೆಯೇ ಹೋಯಿತು. ಕೌದಿಯನ್ನು ಮಕ್ಕಳಿಗೆ ವಾಪಸು ಕೊಟ್ಟರು.

"ಅಜ್ಜಿ, ವಾವ್!" ಮಾಧುರಿಯ ಮುಖ ಪರದೆಗೆ ಬಂತು. "ಒಳಗೆ ಎಷ್ಟು ಚಂದ ರೆಡ್ ಇದೆ! ಯಾಕೆ ಹೈಡ್ ಮಾಡಿದ್ದಿ? ಇದನ್ನೇ ಹೊರಗೆ ಮಾಡಿ ಹಾಸ್ತೀವಿ."

"ಬ್ಯಾಡ ನನ್ನವ್ವಾ, ಥಂಡಿ..." ಎನ್ನುವಷ್ಟರಲ್ಲಿ ಕಾಲ್ ಕಟ್ಟಾಯಿತು.

ಆಸ್ಟ್ರಿಯಾದಲ್ಲಿ ಅಕ್ಕನಿಗೆ ಯಾರು ನೆಂಟರಿದ್ದಾರೆ ಎಂದು ಸಮಾಧಾನ ಮಾಡಿಕೊಂಡೆ.

ಪಂದ್ಯಗಳನ್ನು ನಾನೂ ಪ್ರಸಾದನೂ ಫೋನಿನಲ್ಲಿ ನೋಡಿದೆವು. ಹಿಮದಲ್ಲೇ ಹುಟ್ಟಿದ ದೇಶದ ಮಕ್ಕಳ ಮುಂದೆ ನಮ್ಮವರು ಹದಿಮೂರು ಒಂದರಿಂದ ಸೋತರು. ಆ ಒಂದು ಅಂಕವೂ ಎದುರಿನವನು ಸೀನಿದ್ದರಿಂದ ಬಂತು. ಎರಡನೆಯದು ಹನ್ನೊಂದು ಎರಡು. "ಸುಧಾರಿಸ್ಯಾರ," ಎಂದ ಪ್ರಸಾದ, ಕಾರ್ಖಾನೆಯಲ್ಲಿ ಉತ್ಪಾದನೆಯ ಲೆಕ್ಕ ಹೇಳುವ ಅದೇ ಧ್ವನಿಯಲ್ಲಿ.

ಶನಿವಾರ ಬೆಳಿಗ್ಗೆ ಕೊನೆಯ ಪಂದ್ಯ, ಬ್ರೆಜಿಲ್ ಮೇಲೆ. ಅವರೂ ನಮ್ಮ ಹಾಗೆಯೇ ಬಿಸಿಲಿನವರು, ಅವರ ಹಲ್ಲೂ ಕಟಕಟ ಅನ್ನುತ್ತಿತ್ತು. ಐದು ಐದು ಸಮವಾಗಿ ಒಂದೇ ಕಲ್ಲು ಉಳಿಯಿತು, ಅದು ನಮ್ಮದು. ಶಾಹಿನ ಬಿಟ್ಟಳು. ಕಲ್ಲು ಕೆರೆಯಿಂದ ಮನೆಗೆ ಹೊರಟ ಎಮ್ಮೆಯಂತೆ ಬರತೊಡಗಿತು. ಎಲ್ಲಿ ಬೇಕಾದರೂ ನಿಂತುಬಿಡಬಹುದು. ಚಿರಂತನ್ ಮನೆಯಲ್ಲಿ ನಿಂತು ಒದರಿದ. ಮಾಧುರಿ, ಪ್ರೀತಮ ಬಗ್ಗಿ ಗುಡಿಸಿದರು.

"ಮೂಲಿ ಬಿಡಬ್ಯಾಡ್ರೋ! ಗೋಡಿ ಮಗ್ಗಲಾ ಗುಡಸ್ರಿ!" ನಾನು ಸೋಫಾದ ಮೇಲೆ ಎದ್ದು ನಿಂತಿದ್ದೆ.

"ಯವ್ವಾ, ಅಲ್ಲಿ ಗೋಡಿ ಇಲ್ಲ, ಕೆಳಗ ಕೂಡು!"

ಕಲ್ಲು ಬ್ರೆಜಿಲಿನ ಕಲ್ಲಿಗಿಂತ ಒಂದು ಗೇಣು ನಡುಮಧ್ಯಕ್ಕೆ ಹತ್ತಿರ ಹೋಗಿ ನಿಂತಿತು. ಆರು ಐದು. ಎಂಟು ದೇಶಗಳಲ್ಲಿ ನಮಗೆ ಏಳನೆಯ ಸ್ಥಾನ. ಮಕ್ಕಳು ಕುಣಿದರು, ಬಿದ್ದರು, ಎದ್ದರು. ಬೆಂಚಿನಿಂದ ಕೌದಿ ಎಳೆದು ನಾಲ್ವರೂ ಹೆಗಲ ಮೇಲೆ ಹೊದ್ದು ನಿಂತರು. ಕ್ಯಾಮೆರಾಗಳು ಮಿನುಗಿದವು. ನಡುವೆ ಅಗಲವಾಗಿ, ಒಂದು ಸುಕ್ಕೂ ಇಲ್ಲದೆ, ನಮ್ಮವ್ವನ ಕೆಂಪು ಸೆರಗು. ತೆನೆಗಳನ್ನು ಎಣಿಸಬಹುದಿತ್ತು.

ಅರ್ಧ ಗಂಟೆಯಲ್ಲಿ ಪ್ರಸಾದ ಹಿಗ್ಗಿ ಹೀರೇಕಾಯಿಯಾಗಿ ಬಂದ. "ಯವ್ವಾ, ಫೋಟೋ ನನ್ನ ಗೆಳ್ಯಾಗ ಕಳಿಸೀನಿ. ನಾಳೆ ಪೇಪರ್‌ದಾಗ ಬರ್ತೈತಿ. ಬಾಗಲಕೋಟಿ ಎಡಿಷನ್, ಮೊದಲನೇ ಪುಟ, ಕಲರ್!"

ಅಕ್ಕ ಪೇಪರನ್ನು ಮೇಲಿನ ತಾರೀಖಿನಿಂದ ಕೆಳಗೆ ಮುದ್ರಕರ ಹೆಸರಿನವರೆಗೆ ಓದುತ್ತಾಳೆ. ಚಿತ್ರವಿದ್ದರೆ ಕನ್ನಡಕ ಒರೆಸಿಕೊಂಡು ನೋಡುತ್ತಾಳೆ.

"ಕಪ್ಪು ಬಿಳುಪಿನ್ಯಾಗ ಹಾಕಾಕ ಬರೂದಿಲ್ಲೇನೋ?" ಎಂದೆ.

"ಯಾಕ? ಆ ಕೆಂಪಿಂದನ ಕಳೆ ಬಂದೈತಿ. ಏನದು, ಸೀರಿ ಏನು?" ಪ್ರಸಾದ ಫೋಟೋವನ್ನು ದೊಡ್ಡದು ಮಾಡಿದ. ಫೋನನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಫೋನನ್ನು ನೋಡಿದ. "ಯವ್ವಾ! ಇದು... ನಾ ಅಟ್ಟ ಹತ್ತಿ ಚೇಳು ಕಡಿಸಿಕೊಂಡೀನಲ್ಲ ಬೇ!"

"ಉರಿ ಎರಡು ದಿನಕ್ಕ ಇಳದಿತ್ತಲ್ಲಪಾ," ಎಂದೆ.

"ದೊಡ್ಡವ್ವಗ ಈಗ್ಲೇ ಫೋನ್ ಹಚ್ಚಿ ಹೇಳಿಬಿಡು."

"ಆಕಿ ಹೇಳು ಅಂದಿಲ್ಲ. ಬರದು ಕೊಡು ಅಂದಾಳ."

ಪೇಪರಿನಿಂದ ಗೊತ್ತಾದರೆ ಅಕ್ಕ ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಅವಳಿಗೆ ಎಪ್ಪತ್ತಾರು, ನನಗೆ ಎಪ್ಪತ್ತು. ಮುಂದಿನ ಜನ್ಮದವರೆಗೆ ಕಾಯುವುದು ನನ್ನಂಥ ತಾಳ್ಮೆಯವಳಿಗೂ ಹೆಚ್ಚಾಯಿತು. ಹೊಲಿಗೆಯ ಡಬ್ಬಿ ತೆಗೆದೆ. 'ಸಾವಂತ್ರಕ್ಕಗ' ಎಂಬುದರ ಶಾಯಿ ಮಾಸಿತ್ತು. ಅದರ ಕೆಳಗೇ ಬರೆದೆ:

"ಸೀರೆ ನಾನೇ ತೆಗೆದುಕೊಂಡಿದ್ದೆ. ನೀನು ಹುಡುಕಿ ದಣಿದು ಕೂತು ಚಹಾ ಕುಡಿದೆಯಲ್ಲ, ಆ ಕೌದಿಯ ಒಳಗೇ ಇತ್ತು. ಅಂದು ನಿನ್ನ ಮುಖ ನೋಡಿ ನಗು ಬಂದಿತ್ತು, ಆಮೇಲೆ ಬರಲಿಲ್ಲ. ನೀನು ಬರೆದು ಕೊಡು ಅಂದಿದ್ದಕ್ಕೆ ಬರೆಯಲು ಕಲಿತೆ. ತಡವಾಯಿತು. ನಾಳೆ ಪೇಪರಿನಲ್ಲಿ ಅವ್ವನ ಸೆರಗು ಕಾಣುತ್ತದೆ, ಹೊದ್ದವಳು ನಿನ್ನ ಮೊಮ್ಮಗಳು, ನೋಡು. ರಜೆಗೆ ಕೌದಿ ತರುತ್ತೇನೆ. ಆ ದೇಶದವರು ಅದರ ಹೊಟ್ಟೆ ಖಾಲಿ ಮಾಡಿ ಕಳಿಸಿದ್ದಾರೆ. ಮೂಲೆಯನ್ನು ಹೊಲಿಯದೆ ಬಿಟ್ಟಿರುತ್ತೇನೆ. ರೊಟ್ಟಿ ನೀನೇ ಹಾಕು. ತುಪ್ಪ ಬೇಡ."

ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ: ಗಂಗವ್ವ ಸಿದ್ದಪ್ಪ.

ಅಂಚೆಗೆ ಹಾಕಿದರೆ ಹದಿನೈದು ದಿನ. ಪ್ರಸಾದ ಫೋನಿನಲ್ಲಿ ಕಾಗದದ ಫೋಟೋ ತೆಗೆದು ಅಕ್ಕನ ನಂಬರಿಗೆ ಕಳಿಸುತ್ತೇನೆ ಎಂದ. ಓದಬಾರದು ಎಂದು ಆಣೆ ಹಾಕಿಸಿಕೊಂಡೆ. ಅವನು ಕಣ್ಣು ಮುಚ್ಚಿ ತೆಗೆದ ಮೊದಲ ಫೋಟೋದಲ್ಲಿ ಬಾಳೆಹಣ್ಣು ಬಂತು, ಎರಡನೆಯದರಲ್ಲಿ ಅವನ ಹೆಬ್ಬೆರಳು. ಮೂರನೆಯದನ್ನು ನಾನೇ ತೆಗೆದೆ.

"ಈಗ ಏನು ಒತ್ತಬೇಕು?"

"ಆ ಹಸಿರು ಬಾಣ. ತೋರುಬೆರಳಿನಿಂದ ಒತ್ತು."

ತೋರುಬೆರಳಿನಿಂದ ಎರಡು ಸಲ ಒತ್ತಿದರೂ ಫೋನಿಗೆ ತಿಳಿಯಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದೆ. ಹೋಯಿತು.