ಅಳತೆ ಪ್ರಕಾರ ಜೋಡಿಸಿದ ಮುಖಗಳು

ಹೊಲಿಗೆ ಕಾರ್ಖಾನೆಯ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು. ಬೆಂಕಿ ಬಿದ್ದ ದಿನ ಆ ಬಾಗಿಲ ಹಿಂದೆ ಹನ್ನೊಂದು ಹೆಂಗಸರು ಸತ್ತರು.

ಅವರ ಮುಖಗಳನ್ನು ಕಾರ್ಮಿಕ ಸಂಘದ ಗೋಡೆಯ ಮೇಲೆ ಬರೆಯುವ ಕೆಲಸ ಚಿತ್ರದಕ್ಕನ ಪಾಲಿಗೆ ಬಂದಿತ್ತು. ಅಂಗಡಿ ಬೋರ್ಡಿನಿಂದ ಹಿಡಿದು ಮೆರವಣಿಗೆಯ ಬ್ಯಾನರಿನ ತನಕ ಬರೆದು ಬದುಕಿದವಳು ಅವಳು. ಬೀದಿಯವರು ಇಟ್ಟ ಹೆಸರೇ ಗಟ್ಟಿಯಾಗಿತ್ತು. ಒಂಬತ್ತು ಜನರ ಫೋಟೊ ಸಿಕ್ಕಿತ್ತು, ಆ ಒಂಬತ್ತೂ ಗೋಡೆ ಸೇರಿದ್ದವು. ಉಳಿದ ಇಬ್ಬರಲ್ಲಿ ಒಬ್ಬಳು ಗುಂಡಿ ಹೊಲಿಯುವವಳು, ಇನ್ನೊಬ್ಬಳು ಇಸ್ತ್ರಿಯವಳು. ಅವರ ಫೋಟೊಗಳಿದ್ದದ್ದು ಅವರವರ ಮೊಬೈಲಿನಲ್ಲಿ. ಮೊಬೈಲು ಅವರ ಜೊತೆಗೇ ಸುಟ್ಟುಹೋಗಿತ್ತು.

ಹಾಗಾಗಿ ಚಿತ್ರದಕ್ಕ ಗುಂಡಿಯವಳ ತಾಯಿಯನ್ನು ಒಂದು ದಿನ, ಇಸ್ತ್ರಿಯವಳ ಗಂಡನನ್ನು ಇನ್ನೊಂದು ದಿನ ಎದುರಿಗೆ ಕೂರಿಸಿಕೊಂಡು, ಅವರು ಹೇಳಿದಂತೆ ಇದ್ದಿಲಿನಲ್ಲಿ ಬರೆದಳು. ಮೂಗು ಇಷ್ಟು ಚೂಪಿಲ್ಲ ಅಂದರೆ ಆ ಹಾಳೆ ಬದಿಗಿಟ್ಟು ಹೊಸದು. ತಾಯಿ "ಇವಳೇ" ಅಂದದ್ದು ಹದಿಮೂರನೆಯ ಹಾಳೆಗೆ. ಗಂಡ ಮಾತಾಡದೆ ತಲೆಯಾಡಿಸಿದ್ದು ಹತ್ತನೆಯದಕ್ಕೆ.

ಹಾಳೆಯ ಮೇಲೆ ಹೆಸರು ಬರೆಯುವ ರೂಢಿ ಅವಳಿಗಿರಲಿಲ್ಲ. ಅವಳಿಗೆ ಕೋಣೆಯೇ ಕಡತ. ಕಾಲು ಮುರಿದ ಕುರ್ಚಿಯ ಮೇಲಿನ ಕಟ್ಟು ಗುಂಡಿಯವಳದು, ಕಿಟಕಿಯ ಮಣೆಯ ಮೇಲಿನದು ಇಸ್ತ್ರಿಯವಳದು. ಒಪ್ಪಿಗೆಯಾದ ಹಾಳೆ ಎಲ್ಲಕ್ಕಿಂತ ಮೇಲೆ. ಒಂದರ ಮೇಲೆ ಒಣಗಿದ ಬಣ್ಣದ ಡಬ್ಬಿ, ಇನ್ನೊಂದರ ಮೇಲೆ ಹರಿದ ಚಪ್ಪಲಿ. ಬಾಗಿಲ ಹಿಂದೆ ಬ್ರಷ್ಷು ಒರೆಸಿ ಒರೆಸಿ ಹಲಗೆಯಂತಾದ ಹಳೆಯ ಲಂಗ. ಗೋಡೆಯ ತುಂಬ ಬಣ್ಣ ಬೆರೆಸಿ ನೋಡಿದ ಪಟ್ಟೆಗಳು. ಟೀ ಲೋಟದಲ್ಲಿ ಬ್ರಷ್ಷು, ಬ್ರಷ್ಷಿನ ಲೋಟದಲ್ಲಿ ಟೀ. ಹೊರಗಿನವರಿಗೆ ಅದು ಕಸ. ಅವಳು ಕಣ್ಣು ಮುಚ್ಚಿ ಕೈಚಾಚಿದರೂ ಬೇಕಾದದ್ದೇ ಬೆರಳಿಗೆ ಸಿಗುತ್ತಿತ್ತು.

ಆ ಎರಡು ಮುಖ ಗೋಡೆಗೆ ಏರುವ ಮುಂಚೆಯೇ ಹೊಟ್ಟೆನೋವು ಹೆಚ್ಚಾಗಿ ಅವಳು ಆಸ್ಪತ್ರೆ ಸೇರಿದಳು. ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಒಂಬತ್ತು ದಿನದ ಮೇಲೆ ಆಸ್ಪತ್ರೆಯಿಂದ ಮನೆಗೆ ಬಂದಾಗ ಕೋಣೆ ಥಳಥಳ ಹೊಳೆಯುತ್ತಿತ್ತು.

"ಹೇಗಿದೆ?" ಅಂದ ತಮ್ಮ. ಔಷಧಿ ಗೋದಾಮಿನಲ್ಲಿ ದಾಸ್ತಾನು ನೋಡಿಕೊಳ್ಳುವವನು. ಅಡುಗೆಮನೆಯ ಚಮಚಗಳನ್ನೂ ಉದ್ದದ ಪ್ರಕಾರ ಮಲಗಿಸುವ ಆಸಾಮಿ. "ಮೂರು ದಿನ ರಜ ಹಾಕಿದ್ದೆ, ಅಕ್ಕ. ಇಲ್ಲಿ ಆನೆ ಕಳೆದುಹೋಗಿದ್ರೂ ಬಾಲ ಸಿಗೋಕೆ ಎರಡು ದಿನ ಬೇಕಿತ್ತು."

ಗೋಡೆಗೆ ಸುಣ್ಣ ಬಳಿದಿದ್ದ. ಕುರ್ಚಿಗೆ ಹೊಸ ಕಾಲು ಬಂದಿತ್ತು. ಅವಳು ಅದನ್ನೇ ನೋಡುತ್ತ ನಿಂತಳು.

"ಇದರ ಮೇಲಿದ್ದ ಹಾಳೆಗಳು?"

"ಎಲ್ಲಾ ಇವೆ. ಒಂದು ಚೂರೂ ಬಿಸಾಕಿಲ್ಲ." ಕಪಾಟು ತೆರೆದು ತೋರಿಸಿದ. ಅವಳು ಬರೆಯುತ್ತಿದ್ದದ್ದು ಕೈಗೆ ಸಿಕ್ಕ ಕಾಗದದ ಮೇಲೆ: ಹಳೆಯ ಕ್ಯಾಲೆಂಡರಿನ ಬೆನ್ನು, ಪೊಟ್ಟಣ ಕಟ್ಟುವ ಕಂದು ಕಾಗದ, ಒಳ್ಳೆಯ ದಿನ ಬಂದರೆ ಡ್ರಾಯಿಂಗ್ ಹಾಳೆ. ತಮ್ಮ ಅವನ್ನೆಲ್ಲ ಕಲೆಸಿ, ದೊಡ್ಡದು ಕೆಳಗೆ, ಚಿಕ್ಕದು ಮೇಲೆ, ಅಂಚಿಗೆ ಅಂಚು ಕೂಡಿಸಿ ಒಂದೇ ಕಟ್ಟು ಮಾಡಿದ್ದ.

"ಯಾವುದು ಯಾವುದರ ಮೇಲಿತ್ತು?"

"ಅಳತೆ ಪ್ರಕಾರ ಜೋಡಿಸಿದೀನಿ ಕಣೇ."

"ಜೋಡಿಸೋಕೆ ಮುಂಚೆ?"

"ಮುಂಚೆ ಅಂದ್ರೆ... ಮುಂಚೆ ಕಸ ಇತ್ತು."

ಬೈಯಬೇಕೆಂದು ಅವಳಿಗೆ ಅನ್ನಿಸಿತು. ಅವನ ಅಂಗೈಯಲ್ಲಿ ಸುಣ್ಣ ತಿಂದ ಗಾಯ ಕಂಡು, ಕಪಾಟಿನಿಂದ ಕಟ್ಟನ್ನು ತಾನೇ ಎತ್ತಿಕೊಂಡಳು.

ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡೇ ಇಪ್ಪತ್ಮೂರು ಹಾಳೆಗಳನ್ನು ನೆಲದ ಮೇಲೆ ಹರಡಿದಳು. ಇಪ್ಪತ್ಮೂರು ಹೆಂಗಸರು ಅವಳನ್ನು ನೋಡಿದರು. ಹಲ್ಲಿನ ಸಂದು ಯಾರದು? ತಾಯಿ ಹೇಳಿದ್ದೋ, ಗಂಡ ಹೇಳಿದ್ದೋ? ಅಗಲ ಹಣೆಯೆಂದು ಮೊದಲು ಹೇಳಿ ಆಮೇಲೆ ಬೇಡವೆಂದವರು ಯಾರು? ಬೆಳಿಗ್ಗೆ ಒಂದು ಕಟ್ಟು ಮಾಡಿದಳು, ಸಂಜೆ ಅದನ್ನೇ ಮುರಿದಳು. ಪ್ರಾಣ ಹೋದವರ ಮುಖ ಬರೆದ ತನ್ನ ಕೈಗೇ ಆ ಮುಖಗಳ ಗುರುತು ಹತ್ತುತ್ತಿರಲಿಲ್ಲ. ಇಸ್ತ್ರಿಯವಳ ಗಂಡ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಗಿದ್ದ, ಫೋನು ಹತ್ತುತ್ತಿರಲಿಲ್ಲ. ಸತ್ತ ಆ ಇಬ್ಬರ ಸಾಲಿನಲ್ಲೇ ಕೆಲಸ ಮಾಡಿ ಬದುಕುಳಿದವಳೊಬ್ಬಳನ್ನು ಕರೆಸಿ ಕೇಳಿದಳು.

"ಅವರಿಬ್ರೂ ಬಂದು ಎರಡು ತಿಂಗಳಾಗಿತ್ತು ಅಷ್ಟೇ, ಅಕ್ಕ," ಅಂದಳು ಅವಳು. "ದಾರದ ಧೂಳು. ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಇರ್ತಿದ್ವಿ. ಕಣ್ಣೊಂದು ಬಿಟ್ರೆ ನಾವೇನು ನೋಡಿದ್ವಿ?"

ಮಾರನೆಯ ದಿನ ಗುಂಡಿಯವಳ ತಾಯಿ ಬಂದಳು. ನೆಲದ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಒಂದೊಂದೇ ಹಾಳೆ ಎತ್ತಿದಳು.

"ಇವಳೇ ನೋಡು, ನನ್ನ ಕೂಸು."

ಚಿತ್ರದಕ್ಕನ ಎದೆ ಹಗುರವಾಯಿತು. ಅಷ್ಟರಲ್ಲಿ ಮುದುಕಿ ಇನ್ನೊಂದು ಹಾಳೆ ಎತ್ತಿದಳು. "ಇವಳೂ ಅವಳೇ. ಮುನಿಸಿಕೊಂಡಾಗ ಹಿಂಗೇ ಕೂರ್ತಿದ್ಲು." ಮತ್ತೊಂದು. "ಇದು ಜ್ವರ ಬಂದಾಗಿನದು." ಹೀಗೆ ಒಂಬತ್ತು ಹಾಳೆ ಮಡಿಲಿಗೆ ಸೇರಿದವು.

"ಅಮ್ಮ, ಅವತ್ತು ನೀವು ಒಂದೇ ಒಂದಕ್ಕೆ ಇವಳೇ ಅಂದಿದ್ರಿ. ಅದು ಯಾವುದು?"

ಮುದುಕಿ ಮಡಿಲಿನ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. "ಅವತ್ತು ನಿನಗೆ ಹೊಟ್ಟೆನೋವು ಇತ್ತಲ್ಲ, ತಾಯಿ. ಬರೆದೂ ಬರೆದೂ ಬೆವರ್ತಿದ್ದೆ. ಪಾಪ ಅನ್ನಿಸಿ ಹ್ಞೂಂ ಅಂದೆನೋ, ನಿಜವಾಗ್ಲೂ ಅವಳೇ ಇದ್ದಳೋ... ಈಗ ಎಲ್ಲರಲ್ಲೂ ಅವಳೇ ಕಾಣ್ತಾಳೆ."

ಅಂದರೆ ತಮ್ಮ ಕಲೆಸದೆ ಬಿಟ್ಟಿದ್ದರೂ ಕುರ್ಚಿಯ ಮೇಲಿನ ಹಾಳೆಯವಳು ಈ ಮುದುಕಿಯ ಮಗಳಲ್ಲದೆ ಇರಬಹುದಿತ್ತೇ? ಚಿತ್ರದಕ್ಕನಿಗೆ ಯಾರನ್ನು ದೂರಬೇಕೆಂದೇ ತಿಳಿಯಲಿಲ್ಲ.

ಸಂಘದ ಕಾರ್ಯದರ್ಶಿ ಬಂದದ್ದು ಆ ಹೊತ್ತಿಗೆ. ಬೀಗ ಹಾಕಿಸಿದವರ ಮೇಲೆ ಕೇಸು ಹಾಕಿಸಲು ಠಾಣೆಗೂ ಕೋರ್ಟಿಗೂ ಅಲೆದು ಚಪ್ಪಲಿ ಸವೆಸಿದ ಮನುಷ್ಯ. ಬಾಗಿಲಲ್ಲೇ ನಿಂತು ನೆಲ ನೋಡಿದ, ಮುದುಕಿಯ ಮಡಿಲು ನೋಡಿದ.

"ಅಕ್ಕ, ನಾಳಿದ್ದು ಗೋಡೆಯ ಪರದೆ ಸರಿಸ್ತೀವಿ. ಪತ್ರಿಕೆಯವರು ಬರ್ತಾರೆ. ಹೆತ್ತ ತಾಯಿಗೇ ಗೊತ್ತಾಗ್ತಿಲ್ಲ ಅಂದ್ಮೇಲೆ ಯಾರಿಗೆ ಗೊತ್ತಾಗತ್ತೆ? ಎರಡು ಆರಿಸಿ, ಬರೆದುಬಿಡಿ."

"ಇವರ ಮಗಳ ಹೆಸರಿನ ಮೇಲೆ ಇಸ್ತ್ರಿಯವಳ ಮುಖ ಕೂತುಬಿಟ್ರೆ?"

"ಜಾಗ ಖಾಲಿ ಬಿಟ್ರೆ ಕಾರ್ಖಾನೆಯವರು ಏನಂತಾರೆ ಗೊತ್ತಾ? ಸತ್ತವರು ಒಂಬತ್ತೇ, ಉಳಿದದ್ದು ಸಂಘದವರ ಕಥೆ ಅಂತಾರೆ. ನೀವೇ ಅವರ ಬಾಯಿಗೆ ಸಕ್ಕರೆ ಹಾಕಿದ ಹಾಗೆ."

ಅದು ಸುಳ್ಳಲ್ಲ. ಅವನ ಮಾತೂ ಸರಿ, ತನ್ನ ಸಂಕಟವೂ ಸರಿ ಎನ್ನಿಸಿತು ಅವಳಿಗೆ. ಬಾಗಿಲ ಹಿಂದಿನ ಲಂಗಕ್ಕೆ ಕೈ ಒರೆಸಲು ಹೋದಳು. ಅಲ್ಲಿ ಬರಿಯ ಬಿಳಿ ಗೋಡೆಯಿತ್ತು.

"ಹೆಸರು ಬರೀತೀನಿ," ಅಂದಳು ಕೊನೆಗೆ. "ಹನ್ನೊಂದೂ ಹೆಸರು. ಒಂದೇ ಅಳತೆ ಅಕ್ಷರ. ಇವರಿಬ್ಬರ ಮುಖದ ಜಾಗ ಮಾತ್ರ ಹಾಗೇ ಇರ್ಲಿ."

"ಬರೀ ಹೆಸರು ನೋಡಿ ಯಾರ ಕರುಳು ಚುರ್ ಅನ್ನತ್ತೆ, ಅಕ್ಕ? ಕಮಿಟಿ ತೀರ್ಮಾನ ಆಗಿದೆ. ಮುಖ ಬರೀರಿ."

"ಕಮಿಟಿಯವರು ಅವರನ್ನ ನೋಡಿದಾರಾ?"

"ನೀವು ನೋಡಿದೀರಾ?"

"ಇಲ್ಲ," ಅಂದಳು. "ಅದಕ್ಕೇ ಬರೆಯಲ್ಲ."