ಕೊನೆಯ ಸ್ನಾನದ ಚಿತ್ರ

ಮಗಳು ಬಾಗಿಲು ದೂಡಿದಳು, ಮುಚ್ಚಲಿಲ್ಲ. ಸಂದಿಯಲ್ಲಿ ತಮ್ಮನ ಬೂಟು ಸಿಕ್ಕಿಕೊಂಡಿತ್ತು.

"ಒಂದೇ ಒಂದು, ಅಕ್ಕಾ," ಎಂದ. ಕ್ಯಾಮೆರಾ ಆಗಲೇ ಕೈಯಲ್ಲಿತ್ತು. "ಇದೊಂದಾದರೆ ಅಮ್ಮನ ಸರಣಿ ಮುಗಿಯುತ್ತೆ."

"ಮೈ ತೊಳೀಬೇಕು ಕಣೋ. ಆಚೆ ಹೋಗು."

"ಅದನ್ನೇ ತೆಗೀಬೇಕು ಅಂತಿರೋದು."

ಒಳಗೆ ಮಂಚದ ಮೇಲೆ ತಾಯಿ ಬೆಳಗಿನಿಂದ ಹೆಣವಾಗಿ ಮಲಗಿದ್ದಳು. ಬಟ್ಟೆ ಹೊಲಿದು ಬದುಕಿದವಳು; ಬೀದಿಯವರಿಗೆಲ್ಲ ಗುಂಡಿಯಮ್ಮ. ಯಾರ ಅಂಗಿಯ ಗುಂಡಿ ಕಿತ್ತಿದ್ದರೂ, "ಎದೆ ಬಿಟ್ಕೊಂಡು ಎಲ್ಲಿಗೋ ಸವಾರಿ?" ಎಂದು ನಿಲ್ಲಿಸಿ, ನಿಂತಲ್ಲೇ ಗುಂಡಿ ಹಾಕಿ, ದಾರ ಹಲ್ಲಲ್ಲಿ ಕಡಿದು ಕಳಿಸುತ್ತಿದ್ದಳು. ಹೆಂಗಸರ ಅಳತೆ ತೆಗೆಯುವಾಗ ಪರದೆ ಎಳೆದರೆ ಸಾಲದು, ಅದಕ್ಕೆ ಪಿನ್ನು ಬೇರೆ ಚುಚ್ಚುವಳು. ಅಂಥವಳ ಬರಿಬೆನ್ನನ್ನು ಊರೆಲ್ಲ ನೋಡಿಯಾಗಿತ್ತು. ಹಜಾರದಲ್ಲಿ ಈಗಲೂ ನೋಡುತ್ತಿದ್ದರು. ಅವಳ ಬೆನ್ನು ಒರೆಸುತ್ತಿರುವ, ಬಹುಮಾನ ಬಂದ ಚಿತ್ರವನ್ನು ಮಗ ಬಾಗಿಲಷ್ಟು ದೊಡ್ಡದು ಮಾಡಿಸಿ ತಂದು ನಿಲ್ಲಿಸಿದ್ದ.

"ಏನು ಸೇವೆ, ಏನು ಪ್ರೀತಿ!" ಎಂದ ಸೋದರಮಾವ. "ಇಂಥ ಮಗ ಹುಟ್ಟಬೇಕು."

"ಒರೆಸ್ತಿರೋ ಕೈ ಮಗಳದಲ್ವಾ?" ಎಂದಳು ಇಸ್ತ್ರಿ ಅಂಗಡಿಯವಳು.

"ಕೈ ಯಾರದಾದರೇನಮ್ಮ, ಕಣ್ಣು ಮಗನದು."

"ಹೌದೌದು. ಕಣ್ಣಿಗೆ ವಾಸನೆ ಬಡಿಯಲ್ವಲ್ಲ. ಪುಣ್ಯ ಮಾಡಿದ ಕಣ್ಣು."

*

ಆ ಚಿತ್ರ ತೆಗೆದ ದಿನ ತಮ್ಮ ಮಂಚವನ್ನು ಕಿಟಕಿಯ ಬಳಿಗೆ ಎಳೆಸಿದ್ದ. ರಬ್ಬರ್ ಹಾಳೆ ಚೆನ್ನಾಗಿ ಕಾಣುವುದಿಲ್ಲವೆಂದು ತೆಗೆಸಿದ. ಮಲದ ಬೋಗುಣಿಯನ್ನು ಬೂಟುಗಾಲಿನಿಂದ ಮಂಚದಡಿಗೆ ತಳ್ಳಿದ. ಮಾಸಿದ ನೈಟಿ ಬಿಚ್ಚಿಸಿ ಬಿಳಿ ಹೊದಿಕೆ ಹೊದಿಸಿದ.

"ಬೆನ್ನು ಒರೆಸು ಅಕ್ಕಾ. ನಿಧಾನ. ಬೆಳಕು ಸಿಗಲಿಲ್ಲ, ಇನ್ನೊಂದ್ಸಲ. ಮತ್ತೊಂದ್ಸಲ."

ನೀರು ತಣ್ಣಗಾಯಿತು. ಕೊಳೆಯೇ ಇಲ್ಲದ ಬೆನ್ನು ಒರೆಸಿ ಒರೆಸಿ ಕೆಂಪಾಯಿತು. ಲಕ್ವ ಹೊಡೆದು ತಾಯಿಗೆ ಮಾತು ನಿಂತುಹೋಗಿತ್ತು. ಆಡುತ್ತಿದ್ದ ಒಂದೇ ಕೈಯಿಂದ ಹೊದಿಕೆಯನ್ನು ಮೇಲೆಳೆದುಕೊಳ್ಳುತ್ತಲೇ ಇದ್ದಳು. ತಮ್ಮ ಬಂದು ಆ ಬೆರಳುಗಳನ್ನು ಬಿಡಿಸಿ, ಕೈಯನ್ನು ದಿಂಬಿನಡಿಗೆ ಸೇರಿಸಿದ.

"ಹಾಗೇ ಇರಮ್ಮ, ಚೆನ್ನಾಗಿ ಬರ್ತಿದೆ."

ಚಳಿಗೋ ನಾಚಿಕೆಗೋ, ತಾಯಿಗೆ ಅಲ್ಲೇ ಆಗಿಹೋಯಿತು. ಬಿಳಿ ಹೊದಿಕೆ ಹಳದಿಯಾಯಿತು. ತಮ್ಮ ಮೂಗು ಹಿಡಿದುಕೊಂಡು ಹೊರಗೆ ಹಾರಿದ. "ಅದನ್ನ ಮುಗಿಸಿ ಕರಿ!"

ಅವಳು ಕರೆಯಲಿಲ್ಲ. ಅವನಿಗೆ ಬೇಕಾದದ್ದು ಸಿಕ್ಕಿಬಿಟ್ಟಿತ್ತು. ಪ್ರದರ್ಶನದಲ್ಲಿ ಜನ ತಾಯಿಯ ಬೆನ್ನಿನ ಮುಂದೆ ನಿಂತು ಬಿಸ್ಕತ್ತು ಕಡಿಯುತ್ತಿದ್ದರು. ಒಬ್ಬಾಕೆ "ಎಷ್ಟು ಪವಿತ್ರ" ಎಂದು ಬೆರಳು ನೆಕ್ಕಿಕೊಂಡಳು.

*

"ಅದೇನಮ್ಮ ನಿನ್ನ ಹಟ!" ಸೋದರಮಾವ ಹಜಾರದಿಂದಲೇ ಕೂಗಿದ. "ಒಂದು ಫೋಟೋ ತೆಗೆದರೆ ಹೆಣ ಸವೆದುಹೋಗುತ್ತಾ?"

ಮಗಳು ತಾಯಿಯ ಕಡೆ ನೋಡಿದಳು. ಬಾಗಿಲಿನಿಂದ ಕೈ ತೆಗೆದಳು.

"ಬಾ. ಕ್ಯಾಮೆರಾ ಕಿಟಕಿ ಮೇಲಿಡು. ನಾನು ತೊಳೆಯೋವರೆಗೂ ಅಮ್ಮನ್ನ ಮಗ್ಗುಲಾಗಿ ಹಿಡಿದಿರು. ಆಮೇಲೂ ಬೇಕು ಅನ್ನಿಸಿದರೆ ತೆಗಿ. ನಾನು ಬೇಡ ಅನ್ನಲ್ಲ."

ಅವನು ತಾಯಿಯ ಹೆಗಲನ್ನು ಬೆರಳ ತುದಿಗಳಲ್ಲಿ ಹಿಡಿದ.

"ಅಂಗೈ ಕೊಟ್ಟು ಹಿಡಿಯೋ. ಅವಳೇನು ಕಚ್ಚಲ್ಲ."

ಅವಳು ಸೊಂಟದ ಹುಣ್ಣಿನ ಪಟ್ಟಿ ಬಿಚ್ಚಿದಳು. ಕೋಣೆ ನಾರಿತು. ಮೈ ಮಗ್ಗುಲಾದದ್ದೇ ತಾಯಿಯ ಬಾಯಿಂದ ಕಪ್ಪಗೆ ಏನೋ ಸುರಿದು, ಅವನ ಅಂಗಿಯ ತೋಳಿನ ಒಳಗೆ ಇಳಿಯಿತು. ಅವನು ಕೈಬಿಟ್ಟ. ತಾಯಿಯ ತಲೆ ಮಂಚದ ಚೌಕಟ್ಟಿಗೆ ಟಕ್ಕನೆ ಬಡಿಯಿತು. ಅವನು ಓಡಿದ, ಬಂದವರು ಹೊಸ್ತಿಲಾಚೆ ಬಿಟ್ಟಿದ್ದ ಚಪ್ಪಲಿಗಳ ಮೇಲೆಲ್ಲ ಕಾರಿಕೊಂಡ.

"ಅಯ್ಯೋ, ಕರುಳು ಕಿತ್ತು ಬಂತಲ್ಲಪ್ಪ ಮಗುವಿಗೆ!" ಸೋದರಮಾವ ಅವನ ಬೆನ್ನು ಸವರಿದ. "ಹೆತ್ತವಳನ್ನ ಕಳ್ಕೊಂಡ ಸಂಕಟ ಅಂದ್ರೆ ಸುಮ್ನೇನಾ?"

ಯಾರೋ ನೀರು ತಂದರು. ಯಾರೋ ಸೆರಗಿನಿಂದ ಬಾಯಿ ಒರೆಸಿದರು. ಅವನು ಕಣ್ಣು ಮುಚ್ಚಿ ಒರೆಸಿಕೊಳ್ಳಲು ಮುಖ ಒಡ್ಡಿದ. "ನನ್ನ ಚಪ್ಪಲಿ ಯಾರು ತೊಳೀತಾರೆ?" ಎಂದಳು ಇಸ್ತ್ರಿ ಅಂಗಡಿಯವಳು. ಎಲ್ಲರೂ ಅವಳನ್ನು ದುರುಗುಟ್ಟಿ ನೋಡಿದರು.

ಮಗಳು ಕ್ಯಾಮೆರಾವನ್ನು ಹೊರಗಿಟ್ಟು ಅಗುಳಿ ಹಾಕಿದಳು. ಮಂಚ ಹತ್ತಿ, ತಾಯಿಯ ಬೆನ್ನಿಗೆ ತನ್ನ ಮೊಣಕಾಲನ್ನೇ ಆನಿಸಿ, ಭಾರವನ್ನು ಅದರ ಮೇಲೆ ಒರಗಿಸಿಕೊಂಡಳು. ಚೊಂಬಿನಲ್ಲಿ ಬಿಸಿನೀರು ಎತ್ತಿದಳು. ಸುಟ್ಟೀತೇನೋ ಎಂದು ಮೊದಲು ತನ್ನ ಮುಂಗೈ ಮೇಲೆ ಸುರಿದು ನೋಡಿದಳು.