ಮೆಣಸು ಎಲ್ಲೂ ಹೋಗಿಲ್ಲ

ಹಳೆ ವಿದ್ಯಾರ್ಥಿಗಳನ್ನು ಒಂದು ಕಡೆ ಸೇರಿಸುವುದು ಅಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ಹಾಕಿ ತೂಗಿದ ಹಾಗೆ. ಈ ಕಡೆ ಒಬ್ಬರನ್ನು ಕೂರಿಸುವುದರೊಳಗೆ ಆ ಕಡೆ ಇಬ್ಬರು ಹಾರಿರುತ್ತಾರೆ. ಆ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಈ ಕಪ್ಪೆ ತೂಗುವ ಕೆಲಸ ಗಡಿಯಾರದ ಪಾಲಿಗೆ ಬಂದಿತ್ತು. ಗಡಿಯಾರ ಅಂದರೆ ಗೋಡೆ ಮೇಲಿನದ್ದಲ್ಲ, ಕೈಕಾಲು ಗಟ್ಟಿಯಿರುವ ಹೆಂಗಸು. ಓದುವ ಕಾಲದಲ್ಲಿ ಲ್ಯಾಬಿಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದಳೆಂದು ಗೆಳತಿಯೊಬ್ಬಳು ಇಟ್ಟ ಅಡ್ಡಹೆಸರು. ಅಡ್ಡಹೆಸರಿನ ಜಾಯಮಾನವೇ ಹಾಗೆ, ಒಮ್ಮೆ ಅಂಟಿದರೆ ಬಿಡುವುದಿಲ್ಲ.

ಫೋನಿನಲ್ಲಿ ಒಂದು ಗುಂಪು ಕಟ್ಟಿದ್ದಳು. ಅದರಲ್ಲಿ ಒಬ್ಬ ಮಹಾಶಯ ದಿನಾ ಬೆಳಗ್ಗೆ ಹೂವಿನ ಚಿತ್ರ ಹಾಕುವುದು ಬಿಟ್ಟರೆ ಬೇರೇನೂ ಮಾಡುತ್ತಿರಲಿಲ್ಲ. ಇನ್ನೊಬ್ಬ, ಈಗ ಹೆಸರುವಾಸಿ ಹೃದಯತಜ್ಞ, ‘ಊಟದ ವ್ಯವಸ್ಥೆ ಹೇಗೆ?’ ಅಂತ ಕೇಳಿದ್ದನ್ನೇ ಕೇಳುತ್ತಿದ್ದ. ಮತ್ತೊಬ್ಬಳು ಹಳೆ ಫೋಟೋದಲ್ಲಿ ತನ್ನ ಮುಖ ಅರ್ಧ ಕತ್ತರಿಸಿ ಹೋಗಿದೆಯೆಂದು ಮುನಿಸಿಕೊಂಡು ಗುಂಪು ಬಿಟ್ಟಿದ್ದಳು. ಅವಳನ್ನು ರಮಿಸಿ ವಾಪಸ್ ಕರೆತರುವಷ್ಟರಲ್ಲಿ ಗಡಿಯಾರಕ್ಕೆ ಸಾಕೋ ಸಾಕಾಗಿತ್ತು. ಆದರೂ ಒಳಗೊಳಗೆ ಖುಷಿ. ಬದುಕಿರುವವರ ಜಗಳ, ಬದುಕಿರುವವರ ಮುನಿಸು. ಅವಳಿಗೆ ಬೇಕಾಗಿದ್ದದ್ದು ಅದೇ.

ಮೊದಲ ಸಮ್ಮಿಲನದ ಆಮಂತ್ರಣವನ್ನು ಸಂಸ್ಥೆಯಲ್ಲಿದ್ದ ಹಳೆಯ ನಂಬರುಗಳಿಗೆಲ್ಲ ಕಂಪ್ಯೂಟರಿನಿಂದ ಒಟ್ಟಿಗೆ ಕಳಿಸಿ, ಚಹಾ ಕುಡಿಯುತ್ತ ಕೂತಿದ್ದಳು. ಉತ್ತರಗಳು ಒಂದೊಂದಾಗಿ ಬರತೊಡಗಿದವು. ‘ಬರ್ತೀನಿ’ ಅಂತ ಒಂದು ಬಂತು. ಮೇಲೆ ಹೆಸರು ನೋಡಿದರೆ, ಮೆಣಸು.

ಲೋಟ ಮೇಜಿನ ಮೇಲಿಡಲು ಹೋಗಿ ಚಹಾವನ್ನೆಲ್ಲ ಮಡಿಲಿಗೆ ಚೆಲ್ಲಿಕೊಂಡಳು. ಮೆಣಸು ಸತ್ತು ವರ್ಷಗಳೇ ಆಗಿದ್ದವು.

ಗಡಿಯಾರಕ್ಕೆ ಗಡಿಯಾರ ಅಂತ ಹೆಸರಿಟ್ಟವಳೇ ಅವಳು. ಆಳು ಗಿಡ್ಡ, ಮಾತು ಖಾರ. ಯಾರಿಗೂ ಸೊಪ್ಪು ಹಾಕದ ಲ್ಯಾಬಿನ ದೊಡ್ಡ ಮೇಷ್ಟ್ರು ಕೂಡ ಅವಳ ಮುಂದೆ ತೆಪ್ಪಗಿರುತ್ತಿದ್ದರು. ಯಾವುದೋ ಸಮುದ್ರದ ಊರಿಗೆ ವಿಚಾರ ಸಂಕಿರಣಕ್ಕೆಂದು ಹೋದಳು, ಸಂಜೆ ಈಜಲು ನೀರಿಗಿಳಿದಳು, ಅಷ್ಟೇ. ದೋಣಿಯವರು ಹುಡುಕಿದರು, ಪೊಲೀಸರು ಹುಡುಕಿದರು. ದಡದಲ್ಲಿ ಚಪ್ಪಲಿ ಸಿಕ್ಕಿತು, ಟವೆಲು ಸಿಕ್ಕಿತು, ಅವಳು ಸಿಗಲಿಲ್ಲ.

ಗಡಿಯಾರ ಆ ನಂಬರಿಗೆ ಫೋನ್ ಮಾಡಿದಳು. ಆ ಕಡೆ ಹೊಲಿಗೆ ಮಷೀನಿನ ಸದ್ದು ನಿಂತಿತು.

“ಯಾರು?”

“ಅಮ್ಮಾ... ನಾನು, ಗಡಿಯಾರ.”

“ಅಯ್ಯೋ, ನೀನೇನೇ! ಅವಳ ನಂಬರು ನಾನೇ ಇಟ್ಕೊಂಡಿದೀನಿ ಕಣೇ. ಬಿಟ್ಬಿಟ್ರೆ ಬೇರೆ ಯಾರಿಗೋ ಕೊಟ್ಬಿಡ್ತಾರಂತೆ. ಅವಳಿಗೆ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಗುರುತು ಪರಿಚಯ ಇಲ್ಲದವರು ಎತ್ಬೇಕಾ?” ಅಂದರು ಮೆಣಸಿನ ತಾಯಿ. “ನೀನು ಅವಳನ್ನ ಕರೆದಿದೀಯ. ಅವಳ ಬದಲಿಗೆ ನಾನು ಬಂದ್ರೆ ಆಗುತ್ತಾ? ಅವಳು ಕೂರ್ತಿದ್ದ ಜಾಗ ಒಂದ್ಸಲ ನೋಡ್ಬೇಕು ಅನ್ನಿಸಿದೆ.”

ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ ಹೇಳಿ. “ಬನ್ನಿ ಅಮ್ಮಾ” ಅಂದಳು. ಫೋನಿಟ್ಟ ಮೇಲೆ ಜೀವ ಬಾಯಿಗೆ ಬಂತು. ಯಾಕೆಂದರೆ ಆ ತಾಯಿಗೆ ಗೊತ್ತಿಲ್ಲದ ಸಂಗತಿಯೊಂದು ಅದೇ ಕಟ್ಟಡದ ಎರಡನೇ ಮಹಡಿಯಲ್ಲಿತ್ತು.

ಅವರ ಲ್ಯಾಬಿನದ್ದು ಚರ್ಮರೋಗಗಳ ಸಂಶೋಧನೆ. ರೋಗಿಯ ಚರ್ಮದ ಜೀವಕೋಶಗಳನ್ನು ಬೆಳೆಸಿದರೆ ಸಾಲದು, ಪಕ್ಕದಲ್ಲಿಟ್ಟು ಹೋಲಿಸಲು ಆರೋಗ್ಯವಂತರದ್ದೂ ಬೇಕು. ಆರೋಗ್ಯವಂತರನ್ನು ಎಲ್ಲಿಂದ ಹಿಡಿದು ತರುವುದು? ಅದಕ್ಕೆ ಹೊಸದಾಗಿ ಸೇರಿದವರೆಲ್ಲ ತೋಳಿನಿಂದ ಅಕ್ಕಿಕಾಳಿನಷ್ಟು ಚರ್ಮ ಕೊಡುವುದು ಆ ಲ್ಯಾಬಿನ ವಾಡಿಕೆ. ಜೀವಕೋಶ ಬೆಳೆಯುವ ತಟ್ಟೆಯ ಮೇಲೆ ಅವರವರ ಅಡ್ಡಹೆಸರು. ಎಲ್ಲರದ್ದೂ ಸ್ವಲ್ಪ ಕಾಲ ಬೆಳೆದು, ಮುದಿಯಾಗಿ, ನಿಂತುಹೋಗುತ್ತಿದ್ದವು. ಗಡಿಯಾರದ್ದು ನಿಂತಾಗ “ಕೀ ಕೊಡೋದು ಮರೆತ್ವೇನೋ” ಅಂತ ಮೆಣಸು ಬಿದ್ದು ಬಿದ್ದು ನಕ್ಕಿದ್ದಳು. ತನ್ನವಕ್ಕೆ ಮಾತ್ರ ಅವಳು ಹೊಸ ಜೀನೊಂದನ್ನು ಸೇರಿಸಿ, ಮುಪ್ಪೇ ಬಾರದೆ ಬೆಳೆಯುತ್ತಲೇ ಇರುವ ಹಾಗೆ ಮಾಡಿಕೊಂಡಳು. ಅದೇ ಅವಳ ಸಂಶೋಧನೆ. “ನೀವೆಲ್ಲಾ ಹೋಗ್ತಾ ಇರಿ, ನಾನು ಮಾತ್ರ ಸಾಯಲ್ಲ” ಅಂದಿದ್ದಳು. ಆಮೇಲೆ ಸಮುದ್ರಕ್ಕೆ ಹೋದಳು.

ಜೀವಕೋಶಗಳಿಗೆ ದಿನ ಬಿಟ್ಟು ದಿನ ಹಳೆ ದ್ರವ ತೆಗೆದು ಹೊಸದು ಹಾಕಬೇಕು. ಲ್ಯಾಬಿನವರು ಅದನ್ನು ‘ಊಟ ಹಾಕೋದು’ ಅಂತಲೇ ಅನ್ನುತ್ತಾರೆ. ಮೆಣಸು ಹೋದ ಮೇಲೆ ಆ ಸರದಿ ಗಡಿಯಾರದ್ದಾಯಿತು. ತಟ್ಟೆಗಳನ್ನಿಡುವ ಪೆಟ್ಟಿಗೆಯೊಳಗೆ ಯಾವಾಗಲೂ ಮನುಷ್ಯರ ಮೈಯಷ್ಟೇ ಬಿಸಿ. ಬಾಗಿಲು ತೆಗೆದರೆ ಯಾರೋ ಮುಖದ ಮೇಲೆ ಉಸಿರು ಬಿಟ್ಟ ಹಾಗೆ. ತಟ್ಟೆ ಅಂಗೈಯಲ್ಲಿ ಬೆಚ್ಚಗೆ ಕೂರುತ್ತಿತ್ತು. ಆ ಬಿಸಿ ಗೆಳತಿಯದು ಅನ್ನಿಸಿ ಗಡಿಯಾರ ಬಚ್ಚಲಿಗೆ ಓಡಿಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಕೊನೆಗೆ ದೊಡ್ಡ ಮೇಷ್ಟ್ರ ಹತ್ತಿರ ಅತ್ತು, ಕೆಳಗಿನ ಕಚೇರಿಗೆ ಕೆಲಸ ಹಾಕಿಸಿಕೊಂಡಳು. ಇಷ್ಟು ಓದಿ ಗುಮಾಸ್ತಿಕೆಗೆ ಬಂದಳಲ್ಲ ಅಂತ ಜನ ಆಡಿಕೊಂಡರು. ಆಡಿಕೊಳ್ಳಲಿ. ಅವಳು ಮತ್ತೆ ಎರಡನೇ ಮಹಡಿ ಹತ್ತಲಿಲ್ಲ. ನಾಲ್ಕು ದಿಕ್ಕಿಗೆ ಹೋದವರನ್ನು ಕರೆದು ಸೇರಿಸುವ ಕೆಲಸ ಬಂದಾಗ ಎರಡೂ ಕೈ ಚಾಚಿ ತೆಗೆದುಕೊಂಡಳು. ಹಳೆ ವಿದ್ಯಾರ್ಥಿಗಳು ಅಂದರೆ ಬಿಟ್ಟು ಹೋದವರು. ಮೆಣಸು ಬಿಟ್ಟೇ ಹೋಗಿಲ್ಲವಲ್ಲ, ಅವಳ ಗೊಡವೆ ಈ ಕೆಲಸದಲ್ಲಿ ಇರುವುದಿಲ್ಲ ಅಂದುಕೊಂಡಿದ್ದಳು.

ಸಮ್ಮಿಲನದ ದಿನ ಮೆಣಸಿನ ತಾಯಿ ಎಲ್ಲರಿಗಿಂತ ಮೊದಲೇ ಬಂದು ಗೇಟಿನ ಹತ್ತಿರ ನಿಂತಿದ್ದರು. ಮಗಳಷ್ಟೇ ಗಿಡ್ಡ. ಅವಸರದಲ್ಲಿ ಅಂಗಡಿ ಮುಚ್ಚಿ ಬಂದಿರಬೇಕು, ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಬರ್ತೀನಿ ಅಂದವರಿಗೆಲ್ಲ ಕಂಪ್ಯೂಟರು ತಾನೇ ಹೆಸರಿನ ಬಿಲ್ಲೆ ಮುದ್ರಿಸಿತ್ತು. ಲ್ಯಾಬಿನ ಅಭ್ಯಾಸದಂತೆ ಅಡ್ಡಹೆಸರಿನ ಬಿಲ್ಲೆ. ‘ಮೆಣಸು’ ಅಂತ ಇದ್ದದ್ದನ್ನು ಗಡಿಯಾರ ಗಬಕ್ಕನೆ ಮುಚ್ಚಿಡಲು ಹೋದಳು. ಅಮ್ಮ ಅವಳ ಕೈಯಿಂದ ಬಿಡಿಸಿಕೊಂಡು ಎದೆಗೆ ಚುಚ್ಚಿಕೊಂಡರು. “ಇರ್ಲಿ ಬಿಡೇ. ಅವಳ ಬದಲಿಗೆ ತಾನೇ ಬಂದಿರೋದು.”

ಹಳೆ ಗೆಳೆಯರೆಲ್ಲ ಬಂದರು. ಅಪ್ಪಿಕೊಂಡರು, ಬೊಕ್ಕತಲೆ ಸವರಿ ಗೇಲಿ ಮಾಡಿದರು. ಗಡಿಯಾರ ಅಮ್ಮನನ್ನು ಸಭಾಂಗಣದ ಮುಂದಿನ ಸಾಲಿನಲ್ಲಿ ಕೂರಿಸಿ, ಹೂವಿನ ಚಿತ್ರದ ಮಹಾಶಯನನ್ನು ಪಕ್ಕದಲ್ಲಿ ಕಾವಲಿಟ್ಟಳು. “ಅಮ್ಮನ್ನ ಮೇಲೆ ಮಾತ್ರ ಕರ್ಕೊಂಡು ಹೋಗ್ಬೇಡ” ಅಂತ ಕಿವಿಯಲ್ಲಿ ಹೇಳಿದಳು. ಸಂಸ್ಥೆಯ ನಿರ್ದೇಶಕರು ಮೈಕು ಕೆಟ್ಟಿದೆಯೆಂದು ಕರೆದರು, ಹೋದಳು. ವಾಪಸ್ ಬಂದು ನೋಡಿದರೆ ಕುರ್ಚಿ ಖಾಲಿ. ಮಹಾಶಯನೂ ಇಲ್ಲ. ಕಾಫಿ ತರಲು ಹೋಗಿದ್ದನಂತೆ, ಅವನ ತಲೆಗಿಷ್ಟು. ಅಷ್ಟರಲ್ಲಿ ಲ್ಯಾಬು ತೋರಿಸಲು ಬಂದ ಹೊಸ ಸಂಶೋಧಕಿಯೊಬ್ಬಳು ಎಲ್ಲರನ್ನೂ ಮೇಲೆ ಕರೆದೊಯ್ದಿದ್ದಳು.

ಗಡಿಯಾರ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಎರಡನೇ ಮಹಡಿಗೆ ಓಡಿದಳು. ತಡವಾಗಿತ್ತು.

“ಇವು ನಮ್ಮ ಮೆಣಸು ಜೀವಕೋಶಗಳು” ಅಂತ ಸಂಶೋಧಕಿ ಉತ್ಸಾಹದಿಂದ ಹೇಳುತ್ತಿದ್ದಳು. “ನಮ್ಮ ಮನೆಮಗಳಿದ್ದ ಹಾಗೆ. ಏನು ಮಾಡಿದ್ರೂ ಸಾಯಲ್ಲ. ಬೇರೆ ಊರಿನ ಲ್ಯಾಬುಗಳಿಗೂ ಕಳಿಸ್ತೀವಿ.” ಆಮೇಲೆ ಅಮ್ಮನ ಎದೆಯ ಬಿಲ್ಲೆ ಓದಿ ನಕ್ಕಳು. “ಅರೆ, ನಿಮ್ಮ ಹೆಸರೂ ಅದೇನಾ!”

ಹಳಬರ ಮುಖಗಳು ಒಂದೊಂದಾಗಿ ನೆಲ ನೋಡಿದವು.

“ಇದು ಯಾರ ಚರ್ಮದಿಂದ ತೆಗೆದಿದ್ದು ತಾಯೀ?” ಅಮ್ಮ ಮೆಲ್ಲಗೆ ಕೇಳಿದರು.

“ಗೊತ್ತಿಲ್ಲ ಅಮ್ಮಾ. ಯಾರೋ ಹಳಬರದ್ದಂತೆ.”

ಅಮ್ಮ ತಿರುಗಿ ಗಡಿಯಾರವನ್ನು ನೋಡಿದರು. ಗಡಿಯಾರಕ್ಕೆ ಬಾಯಲ್ಲಿ ಬಿಸಿತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ.

“ನನ್ನ ಮಗಳು ಇಲ್ಲಿದಾಳೇನೇ?”

“ಇದಾಳೆ ಅಮ್ಮಾ” ಅಂದುಬಿಟ್ಟಳು.

ಅಮ್ಮ ಅಳಲಿಲ್ಲ. ಗೋಡೆಗೆ ಕೈಯೂರಿ ನಿಂತು ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. “ಇಷ್ಟೆಲ್ಲಾ ಓದಿದೀರಿ. ಹೆತ್ತವಳಿಗೆ ಒಂದು ಮಾತು ಹೇಳ್ಬೇಕು ಅಂತ ಒಬ್ಬರಿಗಾದ್ರೂ ಅನ್ನಿಸಲಿಲ್ವಾ?” ಹೃದಯತಜ್ಞ ಕನ್ನಡಕ ತೆಗೆದು ಒರೆಸತೊಡಗಿದ. ನಿಜ ಹೇಳಬೇಕೆಂದರೆ ಅದು ಯಾರಿಗೂ ಹೊಳೆದೇ ಇರಲಿಲ್ಲ, ಗಡಿಯಾರವೊಬ್ಬಳನ್ನು ಬಿಟ್ಟು. ಅವಳಿಗೆ ಹೊಳೆದಿತ್ತು, ಧೈರ್ಯ ಸಾಲದೆ ಹೋಗಿತ್ತು.

ಎಲ್ಲರೂ ಕೆಳಗೆ ಹೋದ ಮೇಲೆ ಅಮ್ಮ ಅವಳ ಕೈ ಹಿಡಿದುಕೊಂಡರು. “ಮಗ ಸೊಸೆ ಹೇಳಿ ಹೇಳಿ ಸೋತ್ರು ಕಣೇ. ಅವಳ ಹೆಸರಲ್ಲಿ ಒಂದು ಕಲ್ಲು ನಿಲ್ಲಿಸೋಣ, ಮನಸ್ಸಿಗೆ ನೆಮ್ಮದಿ ಆಗುತ್ತೆ ಅಂತ. ಕೆಳಗೆ ಏನಿಟ್ಟು ನಿಲ್ಲಿಸಲಿ? ಚಪ್ಪಲಿನಾ? ಬಾಗಿಲು ಬಡಿದ್ರೆ ಇವತ್ತಿಗೂ ಅವಳೇ ಅನ್ಸುತ್ತೆ. ಹೊಲೀತಾ ಹೊಲೀತಾ ಎದ್ದು ಹೋಗಿ ನೋಡ್ತೀನಿ. ಸಾಕಾಗಿದೆ ನನಗೆ. ಇದರಲ್ಲಿ ಒಂದಿಷ್ಟು ಕೊಡು. ಮಣ್ಣು ಮಾಡ್ತೀನಿ. ಮುಗೀತು ಅಂತ ಒಂದ್ಸಲ ನನಗೆ ಗೊತ್ತಾಗ್ಲಿ.”

ಗಡಿಯಾರ ದೊಡ್ಡ ಮೇಷ್ಟ್ರ ಕೋಣೆಗೆ ಹೋದಳು. ಮೊದಲು ಅವರು ಸಹಿ, ಒಪ್ಪಿಗೆ, ಸಂಸ್ಥೆಯ ಆಸ್ತಿ ಅಂತ ಏನೇನೋ ಗೊಣಗಿದರು. “ನಿಮ್ಮ ಮಗಳಾಗಿದ್ರೆ ಸರ್?” ಅಂದಳು. ಮೇಷ್ಟ್ರು ಕೈಯಲ್ಲಿದ್ದ ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟರು. “ಒಂದು ತಟ್ಟೆ ಕೊಡು” ಅಂದರು. “ಆದ್ರೆ ನಿಯಮ ಗೊತ್ತಲ್ಲ. ಜೀವ ಇರೋದು ಯಾವುದೂ ಆ ಬಾಗಿಲು ದಾಟಬಾರದು. ಬ್ಲೀಚ್ ಹಾಕಿ, ಸಾಯಿಸಿಯೇ ಕಳಿಸಬೇಕು.”

ಗಡಿಯಾರ ಅದನ್ನು ಅಮ್ಮನಿಗೆ ಹೇಳಿದಳು. ಅಮ್ಮ ಕೇಳಿಸಿಕೊಂಡರು. “ಸತ್ತವಳೇ ಅಲ್ವಾ” ಅಂದರು. “ಹಾಕು. ನಾನು ಪಕ್ಕದಲ್ಲಿ ಇರ್ತೀನಿ.”

ಇಬ್ಬರೂ ಬಿಳಿ ಕೋಟು, ಕೈಗವಸು ಹಾಕಿಕೊಂಡು ಒಳಗೆ ಹೋದರು. ಅಮ್ಮನ ಕೋಟು ಮೊಣಕಾಲು ದಾಟುತ್ತಿತ್ತು. ಪೆಟ್ಟಿಗೆಯ ಬಾಗಿಲು ತೆಗೆದಾಗ ಅದೇ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಗಡಿಯಾರ ಉಸಿರು ಬಿಗಿಹಿಡಿದು ತಟ್ಟೆ ತೆಗೆದಳು. ಗಾಜಿನ ಮರೆಯ ಮೇಜಿನ ಮೇಲೆ ಬ್ಲೀಚು ಅಳೆದಿಟ್ಟಳು. ಇದೊಂದು ಮುಗಿದರೆ ಅಮ್ಮನಿಗೂ ಬಿಡುಗಡೆ, ತನಗೂ ಬಿಡುಗಡೆ ಅಂತ ಮನಸ್ಸಿಗೆ ಹೇಳಿಕೊಂಡಳು.

“ಮೊದಲು ಒಂದ್ಸಲ ಮುಖ ತೋರಿಸು” ಅಂದರು ಅಮ್ಮ.

ಮುಖ ಎಲ್ಲಿಂದ ತರುವುದು? ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅಮ್ಮ ಸೂಜಿಗೆ ದಾರ ಪೋಣಿಸುವವರ ಹಾಗೆ ಒಂದು ಕಣ್ಣು ಮುಚ್ಚಿ ಬಗ್ಗಿದರು. ಉದ್ದುದ್ದ ಜೀವಕೋಶಗಳು ಒಂದೇ ಕಡೆಗೆ ವಾಲಿ, ಬಾಚಿದ ಕೂದಲಿನ ಹಾಗೆ ಮಲಗಿದ್ದವು.

“ಇಲ್ಲೊಂದು ಗುಂಡಗೆ ಹೊಳೀತಿದೆ. ಏನಾಗಿದೆ ಅದಕ್ಕೆ? ನೋವಾಗ್ತಿದೆಯಾ?”

ಗಡಿಯಾರ ನೋಡಿದಳು. ನೋಡಬಾರದಿತ್ತು. “ಇಲ್ಲ ಅಮ್ಮಾ. ಅದು ಒಂದು ಇದ್ದದ್ದು ಎರಡಾಗ್ತಾ ಇದೆ. ಬೆಳೀತಿದೆ.”

“ಈಗಲಾ?”

“ಈಗಲೇ.”

ಅಮ್ಮ ಮತ್ತೆ ಬಗ್ಗಿದರು. ಗಡಿಯಾರ ಕಾದಳು. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಕೆಳಗಿನಿಂದ ಹಳೆ ಗೆಳೆಯರ ಚಪ್ಪಾಳೆ ಕೇಳಿಸಿತು, ನಿರ್ದೇಶಕರ ಭಾಷಣ ಕೇಳಿಸಿತು, ಯಾರೋ ಹಾಡಿದರು. ಅಮ್ಮನ ಬೆನ್ನು ಸಣ್ಣಗೆ ಅಲುಗುತ್ತಿತ್ತು. ಅಳುತ್ತಿದ್ದಾರೇನೋ ಎಂದು ಭುಜ ಮುಟ್ಟಿದರೆ, ಇಲ್ಲ, ಅವರು ಮಾತಾಡುತ್ತಿದ್ದರು. ಯಾವ ಹೊತ್ತಿಗೆ ಎದ್ದೆ, ಎಷ್ಟು ಸೊರಗಿದೀಯೇ, ಅಣ್ಣನಿಗೆ ಮಗು ಆಗಿದೆ ಗೊತ್ತಾ, ಅಂತ ಪಿಸುಗುಟ್ಟುತ್ತಿದ್ದರು.

“ಅಮ್ಮಾ, ಸಾಕು, ಎದ್ದೇಳಿ. ಬ್ಲೀಚ್ ಹಾಕ್ತೀನಿ. ಬೇಕಾದ್ರೆ ಆ ಕಡೆ ತಿರುಗಿ ನಿಂತ್ಕೊಳ್ಳಿ.”

ಅಮ್ಮ ಎದ್ದು ತಟ್ಟೆಗೂ ಅವಳಿಗೂ ಮಧ್ಯೆ ನಿಂತರು. ಆ ಮುಖದಲ್ಲಿ ಈಗ ದುಃಖದ ಸುಳಿವೇ ಇರಲಿಲ್ಲ. ಮಗು ಮನೆಗೆ ಬಂದ ತಾಯಿಯ ಮುಖ ಅದು. ಬೇಡ ಅಮ್ಮಾ, ಅವಳಲ್ಲ ಇದು, ನಿಮ್ಮ ಕಾಲಿಗೆ ಬೀಳ್ತೀನಿ, ಮುಗಿಸಿಬಿಡೋಣ ಅಂತ ಗಡಿಯಾರ ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮನೇ ಕೇಳಿದರು.

“ಊಟ ಹಾಕಿದೀರೇನೇ ಇವಳಿಗೆ, ಇವತ್ತು?”

“ಇಲ್ಲ ಅಮ್ಮಾ. ಪೆಟ್ಟಿಗೆ ಮೇಲಿನ ಚೀಟೀಲಿ ಇವತ್ತಿನ ಸರದಿ ಇನ್ನೂ ಖಾಲಿ ಇದೆ. ಆಗೆಲ್ಲ ನಾನೇ ಹಾಕ್ತಿದ್ದೆ.”

“ಹಾಗಾದ್ರೆ ಆ ವಿಷ ತೆಗೆದು ಆಚೆ ಇಡು. ನೀನೇ ಹಾಕು, ಅವಳಿಗೆ ನಿನ್ನ ಕೈ ಗುರುತು ಇದೆ.”

ಗಡಿಯಾರ ಹಳೆ ದ್ರವ ತೆಗೆದು ಹೊಸದು ಹಾಕಿದಳು. ಕೈಗೆ ಒಂದೂ ಮರೆತಿರಲಿಲ್ಲ. ತಟ್ಟೆಯನ್ನು ಬೆಚ್ಚನೆಯ ಪೆಟ್ಟಿಗೆಯೊಳಗಿಟ್ಟು ಬಾಗಿಲು ಮುಚ್ಚಿದಳು. ಅಮ್ಮ ಬಾಗಿಲ ಮೇಲೆ ಅಂಗೈ ಇಟ್ಟು ನಿಂತಿದ್ದರು.

“ಮತ್ತೆ ಯಾವತ್ತು ಹಸಿವಾಗುತ್ತೆ ಇವಳಿಗೆ?”

“ನಾಡಿದ್ದು” ಅಂದಳು ಗಡಿಯಾರ.

“ಸರಿ” ಅಂದರು ಅಮ್ಮ. “ನಾಡಿದ್ದು ಬರ್ತೀನಿ. ನೀನೂ ಇರು.”